ಬೇಸಿಗೆಯಲ್ಲಿ ಬಂದ ಸೊಗಡು

ಚಳಿ ಶುರುವಾಯಿತು ಅಂದರೆ ಗಾಂಧಿ ಬಜಾರಿನ ಪಕ್ಕದಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ಈ ಸಲವೂ ಬಿತ್ತು. ಮೂಟೆ ಬಿಚ್ಚಿ ಸುರಿದ ಕೂಡಲೇ ಸುತ್ತಲೆಲ್ಲ ಸೊಗಡು. ಕೊಳ್ಳಲು ಬಂದವರು ಮೊದಲು ಒಂದು ಕಾಯಿ ಎತ್ತಿ ಸವರುತ್ತಾರೆ, ಬೆರಳಿಗೆ ಜಿಡ್ಡು ಅಂಟಿತೇ ಅಂತ ಮೂಸುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ಮೊನ್ನೆ ನಾನೂ ಹಾಗೇ ಮಾಡಿದೆ. ಬೆರಳು ಮೂಗಿನ ಹತ್ತಿರ ಹೋದದ್ದೇ ತಡ, ನನಗೆ ನೆನಪಾಗಿದ್ದು ಒಂದು ಮೇ ತಿಂಗಳು. ಕಾದ ಟೆರೇಸು, ಕರಿ ಬಣ್ಣದ ನೀರಿನ ಟ್ಯಾಂಕು, ನನ್ನ ಕಾಲಿಗೆ ಸುತ್ತಿದ್ದ ಬ್ಯಾಂಡೇಜು, ಅಕ್ಕನ ಹೂವಿನ ಬುಟ್ಟಿ.

ಊರಿಗೆಲ್ಲ ಇದು ಚಳಿಗಾಲದ ವಾಸನೆ. ನನ್ನೊಬ್ಬನಿಗೆ ಬೇಸಿಗೆಯದು. ಯಾಕೆ ಅಂತ ಬರೆದಿಡೋಣ ಅನ್ನಿಸಿತು.

ಆ ವರ್ಷ ಸಂಕ್ರಾಂತಿ ಕಳೆದ ವಾರ ನನ್ನ ಹೆಂಡತಿ ವತ್ಸಲ ತೀರಿಕೊಂಡಳು. ಹೊಟ್ಟೆಯ ಕಾಯಿಲೆ. ದೀಪಾವಳಿಗೆ ಗೊತ್ತಾಯಿತು, ಸಂಕ್ರಾಂತಿಗೆ ಮುಗಿಯಿತು. ನಮಗೆ ಮಕ್ಕಳಿಲ್ಲ. ನಾನು ಪಿಯುಸಿ ಓದಿ, ಅಕ್ಕಿಪೇಟೆಯ ಒಂದು ಮಂಡಿಯಲ್ಲಿ ಗುಮಾಸ್ತನಾಗಿದ್ದು, ಅಲ್ಲೇ ವಯಸ್ಸು ಕಳೆದವನು. ಅವಳು ಬಿಎಸ್ಸಿ ಓದಿ, ಊರಾಚೆಯ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಸ ತಳಿ ಮಾಡುವ ವಿಭಾಗದಲ್ಲಿ ಇದ್ದಳು. ನಿವೃತ್ತಿಯಾದ ಮೇಲೂ ಟೋಪಿ, ನೀರಿನ ಬಾಟಲಿ, ಮೊಸರನ್ನದ ಡಬ್ಬಿ ಹಿಡಿದು ಬಸ್ಸು ಹತ್ತಿ ಹೋಗುತ್ತಿದ್ದಳು. ಅಲ್ಲಿ ಅವಳ ಅವರೆ ಇತ್ತು.

ಅವಳ ಕೆಲಸ ನನಗೆ ಅರ್ಥವಾಗಿದ್ದು ಮನೆಯಲ್ಲಿ ಅವರೆಕಾಯಿ ಬಿಡಿಸುವಾಗ. ಇಬ್ಬರೂ ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಕೂತಿದ್ದೆವು.

“ಅವರೆ ಗಿಡ ಹಗಲು ಚಿಕ್ಕದಾಗೋವರೆಗೂ ಹೂ ಬಿಡಲ್ಲ ರೀ. ಫೆಬ್ರವರೀಲಿ ಬಿತ್ತಿದ್ರೂ ಅಷ್ಟೆ, ಬೇಸಿಗೆ, ಮಳೆಗಾಲ ಎಲ್ಲಾ ಬರೀ ಎಲೆ ಬಿಟ್ಕೊಂಡು ಕೂತಿರತ್ತೆ. ಹಗಲು ಉದ್ದ ಇದ್ರೆ ಬಾಗಿಲು ತೆಗೀಬೇಡ ಅಂತ ಒಳಗಡೆ ಒಂದು ಚಿಲಕ ಇದೆ ಅಂತಿಟ್ಕೊಳ್ಳಿ.”

“ಈಗ ವರ್ಷವಿಡೀ ಸಿಗತ್ತಲ್ಲ ಅವರೆ?”

“ಸಿಗತ್ತೆ. ಅದನ್ನ ಮೂಸಿ ನೋಡಿದೀರಾ?”

ನೋಡಿದ್ದೆ. ಅದು ಅವರೆಯ ಹಾಗೆ ಕಾಣುವ ಇನ್ನೇನೋ ಅನ್ನಿಸಿತ್ತು. ಎರಡು ಜಾತಿ ಸೇರಿಸಿ ಹೊಸದು ಮಾಡಿದರೆ ಬೇಕಾದ ಗುಣದ ಜೊತೆಗೆ ಬೇಡದ್ದೂ ನಾಲ್ಕು ಬರುತ್ತವೆ, ಇದ್ದದ್ದು ನಾಲ್ಕು ಹೋಗುತ್ತವೆ ಅಂತ ಅವಳು ಹೇಳಿದಳು. ಅವಳಿಗೆ ಬೇಕಾಗಿದ್ದು ಮಾಗಡಿ ಕಡೆಯ ತನ್ನ ತವರಿನ ಹಳೇ ಅವರೆಯೇ. ಅದೇ ಸೊಗಡು, ಅದೇ ಕಾಳು. ಚಿಲಕ ಒಂದು ಇರಬಾರದು.

“ಅದಕ್ಕೇ ಬೀಜಕ್ಕೆ ಗಾಮಾ ಕಿರಣ ಹೊಡೆಸೋದು. ಕಣ್ಣು ಮುಚ್ಕೊಂಡು ಮನೆ ಮೇಲೆ ಕಲ್ಲು ತೂರಿದ ಹಾಗೆ. ಕಿಟಕಿ ಹೋಗತ್ತೆ, ಹೆಂಚು ಹೋಗತ್ತೆ, ಎಷ್ಟೋ ಮನೆ ಬಿದ್ದೇ ಹೋಗತ್ತೆ. ಸಾವಿರಾರು ಮನೆ ಮೇಲೆ ತೂರಿದ್ರೆ, ಎಲ್ಲೋ ಒಂದು ಕಡೆ ಕಲ್ಲು ಹೋಗಿ ಚಿಲಕಕ್ಕೇ ತಗುಲತ್ತೆ. ಮಿಕ್ಕಿದ ಮನೆ ಇದ್ದ ಹಾಗೇ ಇರತ್ತೆ.”

“ಒಳ್ಳೇ ಕೆಲಸ ನಿಮ್ಮದು. ಕಲ್ಲು ತೂರೋದಕ್ಕೆ ಸಂಬಳ.”

“ತೂರೋದಕ್ಕಲ್ಲ. ಆಮೇಲೆ ಒಂದೊಂದು ಮನೆ ಬಾಗಿಲನ್ನೂ ತಟ್ಟಿ ನೋಡ್ಕೊಂಡು ಬರೋದಕ್ಕೆ” ಅಂದಳು. ಕೈ ಮಾತ್ರ ನಿಲ್ಲಿಸಲಿಲ್ಲ. ನಾನು ಒಂದು ಕಾಯಿ ಬಿಡಿಸುವಷ್ಟರಲ್ಲಿ ಅವಳದು ಮೂರು ಆಗುತ್ತಿತ್ತು.

ಬಾಗಿಲು ತಟ್ಟುವುದು ವರ್ಷಗಟ್ಟಲೆ ನಡೆಯಿತು. ಕಿರಣ ತಾಗಿದ ಬೀಜದಿಂದ ಬಂದ ಮೊದಲ ಗಿಡಗಳು ಮುರುಟಿಕೊಂಡು, ಎಲೆ ಸೊಟ್ಟಗಾಗಿ, ನೋಡಿದರೆ ಅಯ್ಯೋ ಅನ್ನಿಸುವಂತಿದ್ದವಂತೆ. ಅವುಗಳ ಬೀಜ ಬಿತ್ತಿದಾಗಲೇ ನಿಜವಾದ ವ್ಯತ್ಯಾಸ ಕಾಣುವುದು. ಕೆಲವು ಬಿಳಿಚಿಕೊಂಡು ಹುಟ್ಟಿ ಒಂದೆರಡು ದಿನದಲ್ಲಿ ಸತ್ತವು. ಕೆಲವು ಗೇಣುದ್ದಕ್ಕೇ ನಿಂತವು. ಬಹಳಷ್ಟು ಏನೂ ಆಗದ ಹಾಗೆ ಹಳೇ ಅವರೆಯಂತೆಯೇ ಬೆಳೆದವು. ಒಂದು ಸೆಪ್ಟೆಂಬರ್ ಸಂಜೆ ವತ್ಸಲ ಮನೆಗೆ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆ ಬಾಗಿಲಿಗೇ ಬಂದು ನಿಂತಳು. ಸುತ್ತಲ ಗಿಡಗಳಲ್ಲಿ ಇನ್ನೂ ಬರೀ ಎಲೆ ಇರುವಾಗ ಒಂದೇ ಒಂದು ಗಿಡ ಹೂ ಬಿಟ್ಟಿದೆ ಅಂದಳು. ಚಪ್ಪಲಿ ಹಾಕಿಕೊಂಡು ಒಳಗೆ ಬಂದದ್ದು ಅದೊಂದೇ ಸಲ.

ಆ ಗಿಡದ ಕಾಯಿ ಒಣಗುವ ಹೊತ್ತಿಗೆ ಅವಳು ಆಸ್ಪತ್ರೆಯಲ್ಲಿದ್ದಳು. ಅವಳ ಜೊತೆ ಕೆಲಸ ಮಾಡುತ್ತಿದ್ದ, ಅವಳಿಗಿಂತ ಬಹಳ ಚಿಕ್ಕವರಾದ ಗಿರೀಶ್ ಅನ್ನುವವರು ಕಾಯಿ ಬಿಡಿಸಿ ಬೀಜವನ್ನು ಅಲ್ಲಿಗೇ ತಂದರು. ಒಂದು ಹಿಡಿ ಇರಬಹುದು. ವತ್ಸಲ ಹಾಸಿಗೆಯ ಮೇಲೇ ಎರಡು ಭಾಗ ಮಾಡಿ, ಒಂದನ್ನು ಗಿರೀಶರಿಗೆ ಕೊಟ್ಟಳು. ಇನ್ನೊಂದನ್ನು ಔಷಧಿ ಅಂಗಡಿಯ ಕವರಿಗೆ ಹಾಕಿ ನನ್ನ ಕೈಗಿಟ್ಟಳು.

“ಮಾಘ ಮುಗಿಯೋ ಹೊತ್ತಿಗೆ ಟೆರೇಸ್ ಮೇಲೆ ಹಾಕಿ. ಹಗಲು ಉದ್ದ ಆಗೋ ಕಾಲದಲ್ಲಿ ಹೂ ಬಿಟ್ರೆ ಚಿಲಕ ಬಿದ್ದಿದೆ ಅಂತ. ಬಿಡದೆ ಹೋದ್ರೆ ಆ ಗಿಡ ಸುಮ್ನೆ ಏನೋ ಆಟ ಆಡ್ತು ಅಂತ. ಬಿಟ್ರೆ, ಕಾಯಿ ಮೂಸಿ ನೋಡೋದು ಮರೀಬೇಡಿ.”

ನನ್ನ ಬೆರಳುಗಳನ್ನು ಕವರಿನ ಮೇಲೆ ಮಡಿಸಿ, “ಗೊತ್ತಾದಾಗ ನಂಗೂ ಹೇಳಿ” ಅಂದಳು. ಆಗ ಅವಳು ಇರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆಯ್ತು ಅಂದೆ.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ನನ್ನ ಅಕ್ಕ ಕಮಲಕ್ಕ ಮಾತ್ರ ಉಳಿದುಕೊಂಡಳು. ಅವಳದು ಮಲ್ಲೇಶ್ವರ. ಭಾವ ಹೋಗಿ ಬಹಳ ವರ್ಷವಾಗಿತ್ತು, ಮಗ ಸೊಸೆಯ ಜೊತೆ ಇದ್ದಳು. “ನೀನು ಒಬ್ಬನೇ ಬರೀ ಬ್ರೆಡ್ ತಿಂದ್ಕೊಂಡು ಬಿದ್ದಿರ್ತೀಯ” ಅಂತ ತನ್ನ ಸೀರೆಗಳನ್ನು ತರಿಸಿಕೊಂಡಳು.

ಅಕ್ಕನಿಗೆ ಬೆಳಗಿನ ಹೂವು ಆಗಲೇಬೇಕು. ದುಡ್ಡು ಕೊಟ್ಟು ತಂದದ್ದಲ್ಲ, ಕಿತ್ತು ತಂದದ್ದು. ಮಲ್ಲೇಶ್ವರದಲ್ಲಿ ಯಾವ ಕಾಂಪೌಂಡಿನ ಮೇಲಿಂದ ದಾಸವಾಳ ಬಗ್ಗಿದೆ, ಯಾವ ಮನೆಯವರು ತಡವಾಗಿ ಏಳುತ್ತಾರೆ ಎಲ್ಲ ಅವಳಿಗೆ ಬಾಯಿಪಾಠ. ಚಾಮರಾಜಪೇಟೆಯ ನಮ್ಮ ಮನೆಗೆ ಬಂದ ವಾರದಲ್ಲೇ ಇಲ್ಲೂ ಅಷ್ಟು ಸಂಪಾದಿಸಿದಳು. ತುದಿಗೆ ಕೊಕ್ಕೆ ಕಟ್ಟಿದ ಒಂದು ಕೋಲು, ಒಂದು ಪ್ಲಾಸ್ಟಿಕ್ ಬುಟ್ಟಿ. ಎದುರು ಮನೆಯ ನಿವೃತ್ತ ಮೇಷ್ಟರು ಒಂದು ದಿನ ಗೇಟಿನಲ್ಲೇ ನಿಂತು, “ಏನಮ್ಮಾ, ನಮ್ಮ ದೇವರಿಗೂ ಎರಡು ಬಿಡಿ” ಅಂದರು. “ನಿಮ್ಮ ದೇವರು ಏಳೋದು ಎಂಟು ಗಂಟೆಗೆ, ಅಷ್ಟೊತ್ತಿಗೆ ಹೂ ಬಾಡಿರತ್ತೆ ಬಿಡಿ” ಅಂದು ಬಂದಳು.

ಆ ಹೂವಿನಲ್ಲಿ ಅರ್ಧ ದೇವರಿಗೆ, ಅರ್ಧ ವತ್ಸಲಳ ಫೋಟೋಗೆ. ನಡುಮನೆಯ ಗೋಡೆಯ ಮೇಲಿದ್ದ ಫೋಟೋದ ಗಾಜನ್ನು ನಾನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಬೆಳಗಾದರೆ ನನಗೆ ಇದ್ದ ಕೆಲಸ ಅದೊಂದೇ. ಒರೆಸಿ ಸರಿದ ಮೇಲೆ ಅಕ್ಕ ಬಂದು, ಉಂಗುರದ ಬೆರಳಿನಲ್ಲಿ ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮ ಇಟ್ಟು, ಚೌಕಟ್ಟಿಗೆ ಹೂವು ಸಿಕ್ಕಿಸುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ.

ಮಾತಾಡಿದಾಗ ಬರುತ್ತಿದ್ದದ್ದು ಬೀಜದ ವಿಷಯ. “ಆ ಕಿರಣದ ಬೀಜ ಮನೇಲಿ ಯಾಕೋ ಇಟ್ಕೊಂಡಿದೀಯಾ? ಅದರ ಸಹವಾಸಾನೇ ಅವಳನ್ನ ತಗೊಂಡು ಹೋಯ್ತು” ಅಂದಳು ಒಂದು ದಿನ, ಹುಳಿ ಬಡಿಸುತ್ತಾ. ಬೀಜ ಪಾರ್ಸಲ್ಲಿನಲ್ಲಿ ಬೇರೆ ಊರಿಗೆ ಹೋಗಿ ಕಿರಣ ಹೊಡೆಸಿಕೊಂಡು ಬರುತ್ತದೆ ಅಂತ ವತ್ಸಲ ಹೇಳಿದ್ದು ನನಗೆ ನೆನಪಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ಗೊತ್ತಿದ್ದ ವಿಷಯದ ಪಕ್ಕದಲ್ಲೇ ಅನುಮಾನವೂ ಚಾಪೆ ಹಾಸಿಕೊಂಡು ಕೂತಿತ್ತು. ಯಾರನ್ನಾದರೂ ಕೇಳೋಣ ಅಂದರೆ, ಕೇಳಿದರೆ ಅವಳ ಕೆಲಸವನ್ನೇ ದೂರಿದ ಹಾಗೆ ಅನ್ನಿಸಿ ಸುಮ್ಮನಾಗುತ್ತಿದ್ದೆ.

ಬೀಜ ಮಾತ್ರ ಬಿತ್ತಿದೆ. ನಾನು ಕೆಲಸ ಮಾಡಿದ ಮಂಡಿಯಿಂದಲೇ ಖಾಲಿ ಅಕ್ಕಿ ಚೀಲ ತಂದು, ಮಣ್ಣು ಗೊಬ್ಬರ ತುಂಬಿಸಿ, ಟ್ಯಾಂಕಿನ ಸುತ್ತ ಇಟ್ಟೆ. ಅದು ನೀರಿಲ್ಲದ ಬೇಸಿಗೆ. ಬೋರ್‌ವೆಲ್‌ಗಳು ಬತ್ತಿ ಬೀದಿಬೀದಿಯಲ್ಲಿ ಟ್ಯಾಂಕರು ನಿಂತಿರುತ್ತಿದ್ದವು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಒಂದು ಬಕೆಟ್ಟಿಗೆ ಸೇರಿಸಿ ಸಂಜೆ ಮೇಲಕ್ಕೆ ಹೊರುತ್ತಿದ್ದೆ. ಕೆಲವು ಬೀಜ ಹುಟ್ಟಲೇ ಇಲ್ಲ. ಹುಟ್ಟಿದ್ದರಲ್ಲಿ ಕೆಲವನ್ನು ಅಳಿಲು ತಿಂದಿತು. ಕೊನೆಗೆ ಉಳಿದದ್ದು ನಾಲ್ಕು ಗಿಡ. ಅವು ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡನ್ನು ಹಿಡಿದು ಮೇಲೇರಿದವು. ಯುಗಾದಿ ಹೋಯಿತು, ರಾಮನವಮಿ ಹೋಯಿತು. ಬರೀ ಎಲೆ. ನಾನು ಚಿಗುರನ್ನೆಲ್ಲ ತಿರುಗಿಸಿ ನೋಡಿ ಕೆಳಗಿಳಿಯುತ್ತಿದ್ದೆ.

ಹಾಗೆ ಇಳಿಯುವಾಗಲೇ ಒಂದು ಸಂಜೆ ಮೆಟ್ಟಿಲು ತಪ್ಪಿತು. ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಕೆಲವು ವಾರ ಮೆಟ್ಟಿಲು ಹತ್ತಬೇಡಿ ಅಂದರು ಡಾಕ್ಟರು. ನನಗೆ ಕಾಲಿಗಿಂತ ಗಿಡದ್ದೇ ಯೋಚನೆ. ಅಕ್ಕನನ್ನು ಕೇಳಬೇಕಾಯಿತು.

“ನೀರು ಹಾಕ್ತೀನಿ. ಪಾಪ, ಗಿಡ ಏನು ಮಾಡಿದೆ” ಅಂದಳು.

“ಹೂ ಏನಾದ್ರೂ ಬಿಟ್ರೆ ತಕ್ಷಣ ಹೇಳು.”

“ಬೇಸಿಗೇಲಿ ಅವರೆ ಹೂವಾ? ಬಿಟ್ಟಾಗ ತಮಟೆ ಹೊಡೆದು ಹೇಳ್ತೀನಿ, ಸುಮ್ನೆ ಕಾಲು ಚಾಚಿ ಮಲಗು.”

ಅವಳು ಹೋಗುತ್ತಿದ್ದದ್ದು ಬೆಳಕು ಹರಿಯುವ ಹೊತ್ತಿಗೆ, ಬೀದಿಯ ಹೂವು ಮುಗಿಸಿಕೊಂಡು, ಬುಟ್ಟಿ ಕೈಯಲ್ಲಿ ಹಿಡಿದೇ. ಇಳಿದು ಬಂದ ಕೂಡಲೇ ನಾನು ಕೇಳುತ್ತಿದ್ದೆ. “ಅವರೆ ಹೇಗಿದೆ?” “ಹಸಿರಾಗಿದೆ.” “ಹೂ?” “ಇಲ್ಲ ಕಣೋ.” ಹೀಗೆ ದಿನಾ. ಕೊನೆಕೊನೆಗೆ ಅವಳೇ ಮೆಟ್ಟಿಲಿಂದಲೇ “ಇಲ್ಲ” ಅಂದುಕೊಂಡು ಇಳಿಯುತ್ತಿದ್ದಳು.

ಮೇ ಶುರುವಾದಾಗ ಗಿರೀಶ್ ಫೋನ್ ಮಾಡಿದರು. ಅವರ ದನಿ ಕೇಳಿದ ಕೂಡಲೇ ಏನೋ ಆಗಿದೆ ಅಂತ ತಿಳಿಯಿತು. ಕೇಂದ್ರದ ಆ ಭಾಗದ ಬೋರ್‌ವೆಲ್ ಬತ್ತಿತ್ತು. ಟ್ಯಾಂಕರು ಬರುವಷ್ಟರಲ್ಲಿ ವತ್ಸಲ ಕೊಟ್ಟ ಬೀಜದ ಗಿಡಗಳೆಲ್ಲ ಒಣಗಿಹೋಗಿದ್ದವು, ಮೊಗ್ಗಿಗೆ ಬರುವ ಮೊದಲೇ. “ನಿಮ್ಮ ಮನೇಲಿರೋದೇ ಈಗ ಉಳಿದಿರೋದು ಸಾರ್. ಹೂ ಬಿಟ್ಟಿದ್ಯಾ?”

“ಇಲ್ಲಪ್ಪಾ” ಅಂದೆ.

“ಇಷ್ಟೊತ್ತಿಗೆ ಬಿಡ್ಬೇಕಿತ್ತು ಸಾರ್. ಇರ್ಲಿ, ಒಂದ್ಸಲ ಬಂದು ನೋಡ್ತೀನಿ.”

ಆ ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಅವಳು ಅಷ್ಟು ವರ್ಷ ಬಿಸಿಲಲ್ಲಿ ತಟ್ಟಿದ ಬಾಗಿಲುಗಳಲ್ಲಿ ತೆರೆದದ್ದು ಅದೊಂದೇ. ಅದೂ ಆಟವಾಡಿತ್ತು ಅಂತ ಆಗಿಬಿಟ್ಟರೆ ಅವಳಿಗೆ ಏನಂತ ಹೇಳುವುದು? ಅದಕ್ಕಿಂತ ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಗೋಡೆಯ ಫೋಟೋ ಕಡೆ ನೋಡದ ಹಾಗೆ ಕುರ್ಚಿ ತಿರುಗಿಸಿಕೊಂಡು ಪೇಪರ್ ಓದಿದೆ. ಮಾರನೆಯ ಬೆಳಗ್ಗೆ ಗಾಜು ಒರೆಸುವಾಗಲೂ ಮುಖ ನೋಡಲಿಲ್ಲ.

ಗಿರೀಶ್ ಬಂದದ್ದು ಆ ಭಾನುವಾರ ಬೆಳಗ್ಗೆ. ಕೈಯಲ್ಲಿ ಬಾಳೆಹಣ್ಣು. ಒಳಗೆ ಬಂದವರು ಕೂರುವ ಮೊದಲು ಚಪ್ಪಲಿ ಬಿಟ್ಟ ಕಾಲಲ್ಲೇ ನೇರ ಫೋಟೋ ಮುಂದೆ ಹೋಗಿ ಕೈ ಮುಗಿದರು. ಮುಗಿದ ಕೈ ಹಾಗೇ ಇತ್ತು, ಕುತ್ತಿಗೆ ಮಾತ್ರ ಮುಂದೆ ಚಾಚಿತು. ಇನ್ನಷ್ಟು ಹತ್ತಿರ ಹೋದರು. ನಮಸ್ಕಾರ ಮಾಡುವವರು ಅಷ್ಟು ಹತ್ತಿರ ಹೋಗುವುದಿಲ್ಲವಲ್ಲ ಅಂತ ನಾನು ನೋಡುತ್ತಿದ್ದೆ. ಚೌಕಟ್ಟಿನ ಮೂಲೆಯಲ್ಲಿ ನಂದಿಬಟ್ಟಲಿನ ನಡುವೆ ಸಿಕ್ಕಿಸಿದ್ದ ಒಂದು ಸಣ್ಣ ಬಿಳಿ ಗೊಂಚಲನ್ನು ಅವರು ಎರಡು ಬೆರಳಲ್ಲಿ ಮೆಲ್ಲಗೆ ಎಳೆದುಕೊಂಡರು.

“ಸಾರ್, ಇದು ಎಲ್ಲಿಂದ ಬಂತು?”

“ಅಕ್ಕ ತರ್ತಾಳೆ. ಬೀದಿ ಹೂವು.”

“ಬೀದೀಲಿ ಇದು ಇರಲ್ಲ ಸಾರ್.” ಅವರು ಅಡುಗೆಮನೆ ಕಡೆ ತಿರುಗಿದರು. “ಅಮ್ಮಾ, ಸ್ವಲ್ಪ ಬರ್ತೀರಾ?”

ಅಕ್ಕ ಸೌಟು ಹಿಡಿದೇ ಬಂದಳು. “ಅದಾ? ಮೇಲೆ ಟ್ಯಾಂಕ್ ಹತ್ರ ಅವರೆ ಜೊತೆ ಹೆಣ್ಕೊಂಡು ಇನ್ಯಾವ್ದೋ ಬಳ್ಳಿ ಹಬ್ಬಿದೆ. ಚೆನ್ನಾಗಿ ಬಿಡತ್ತೆ. ವಾರದಿಂದ ದಿನಾ ಕೀಳ್ತಿದೀನಿ. ಬೀದೀಲಿ ಹೂ ಕಮ್ಮಿ ಆಯ್ತಲ್ಲ, ಬಿಸಿಲು. ವತ್ಸಲಂಗೆ ಬಿಳಿ ಹೂ ಇಷ್ಟ ಅಂತ ಅವಳಿಗೇ ಇಡ್ತೀನಿ.”

“ಅಮ್ಮಾ, ಇದು ಅವರೆ ಹೂ.”

“ಏನು ಹೇಳ್ತೀರಪ್ಪಾ. ಮೇ ತಿಂಗಳಲ್ಲಿ ಅವರೆ ಹೂ ಬಿಡತ್ತಾ? ನಾನೇನು ಅವರೆ ನೋಡಿಲ್ವಾ?”

ಅಷ್ಟು ಹೇಳಿ ಅವಳು ನಿಂತಳು. ಸೌಟು ಇಳಿಯಿತು. ಅವಳು ಹುಟ್ಟಿದಾಗಿನಿಂದ ತಿಂದ ಅವರೆ ಯಾವತ್ತೂ ಬೇಸಿಗೆಯಲ್ಲಿ ಹೂ ಬಿಟ್ಟಿರಲಿಲ್ಲ. ಅದಕ್ಕೇ ಕಣ್ಣೆದುರಿಗಿದ್ದ ಅವರೆ ಹೂವು ಅವಳಿಗೆ ಅವರೆ ಹೂವಾಗಿ ಕಾಣಲೇ ಇಲ್ಲ. ಹೂ ಇಲ್ಲ ಅಂತ ದಿನಾ ಮೆಟ್ಟಿಲಿಂದ ಹೇಳಿದ್ದು ಸುಳ್ಳಲ್ಲ. ಹೇಳುವಾಗ ಕೈಯಲ್ಲಿದ್ದ ಬುಟ್ಟಿಯಲ್ಲೇ ಅದು ಇರುತ್ತಿತ್ತು, ಅಷ್ಟೇ. ನಾನಂತೂ ವಾರದಿಂದ ಆ ಹೂವಿನ ಕೆಳಗೇ ಗಾಜು ಒರೆಸಿದ್ದೆ.

ಕಾಲು ನೋವು ಮರೆತು ಮೆಟ್ಟಿಲು ಹತ್ತಿದೆ. ಗಿರೀಶ್ ಮುಂದೆ, ಅಕ್ಕ ಹಿಂದೆ. ಮೇಲೆ ಹೋಗಿ ನೋಡಿದರೆ, ಎಲೆಗಳ ಮೇಲೆ ನೆಟ್ಟಗೆ ಎದ್ದ ಕಡ್ಡಿಗಳು, ಒಂದೊಂದರ ತುದಿಯನ್ನೂ ಉಗುರಿನಲ್ಲಿ ಚಿವುಟಿ ಮುರಿದಿತ್ತು. ಹೂ ಕೀಳುವುದರಲ್ಲಿ ಅಕ್ಕನ ಕೈ ಬಹಳ ಅಚ್ಚುಕಟ್ಟು. ಒಂದೂ ಬಿಟ್ಟಿರಲಿಲ್ಲ.

“ನಾನು ಏನು ಮಾಡ್ಬಿಟ್ಟೆ ಶ್ರೀಧರ” ಅಂದಳು ಅಕ್ಕ. ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು.

ಗಿರೀಶ್ ಮಾತ್ರ ನಗುತ್ತಿದ್ದರು. ಆ ನಗು ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. “ಅಮ್ಮಾ, ಕಿತ್ರೆ ಕಿತ್ರಿ ಬಿಡಿ. ಬಿಡ್ತಲ್ಲ. ಹಗಲು ಇಷ್ಟು ಉದ್ದ ಇರೋವಾಗ ನಾಲ್ಕೂ ಗಿಡ ಹೂ ಬಿಟ್ಟಿದೆ. ಮೇಡಂ ಹೇಳಿದ್ದು ನಿಜ ಆಯ್ತು. ಕಿತ್ತಷ್ಟೂ ಇನ್ನೊಂದು ಕಡೆ ಮೊಗ್ಗು ಬರತ್ತೆ. ಈಗ ಬೇಕಾಗಿರೋದು ಬೀಜ. ಈ ಬಿಸಿಲಿಗೆ ಹೂ ಉದುರದೆ ಕಾಯಿ ಕಟ್ಟಬೇಕು, ಅಷ್ಟೆ.”

ಹೀಗೆ ಹೇಳುತ್ತಾ ಅವರು ಟ್ಯಾಂಕಿನ ಹಿಂಬದಿಗೆ, ಗೋಡೆಗೂ ಟ್ಯಾಂಕಿಗೂ ನಡುವಿನ ಸಂದಿಗೆ ತೂರಿದರು. ಅಕ್ಕನ ಮೈಗೆ ಆ ಸಂದಿ ಸಾಲುತ್ತಿರಲಿಲ್ಲ, ಕೊಕ್ಕೆ ಕೋಲನ್ನು ಅವಳು ಕೆಳಗೇ ಬಿಟ್ಟು ಬರುತ್ತಿದ್ದಳು. ಒಳಗಿನಿಂದ ಗಿರೀಶರ ದನಿ ಬಂತು. “ಸಾರ್, ಇಲ್ಲಿ ಬನ್ನಿ.” ಟ್ಯಾಂಕಿನ ನೆರಳಲ್ಲಿ, ತಂಪಿನಲ್ಲಿ, ಒಂದು ಪೂರ್ತಿ ಗೊಂಚಲು. ತುದಿಯಲ್ಲಿ ಬಿಳಿ ಹೂವು, ಬುಡದಲ್ಲಿ ಉಗುರಿನಷ್ಟು ಉದ್ದದ ಹಸಿರು ಕಾಯಿಗಳು.

ನಾನು ಟ್ಯಾಂಕಿಗೆ ಒರಗಿ ನಿಂತೆ.

ಅಕ್ಕ ಆಗಲೂ ಎದ್ದಿರಲಿಲ್ಲ. ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. “ಗಿರೀಶಪ್ಪಾ, ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಇದನ್ನ ದಿನಾ ಬರಿಗೈಲಿ ಮುಟ್ಟಿದೀನಿ. ಏನೂ ಆಗಲ್ವಾ? ವತ್ಸಲ ಹೋಗಿದ್ದೂ ಇದರಿಂದಾನೇನಾ?”

ನಾನು ತಿಂಗಳುಗಟ್ಟಲೆ ನುಂಗಿಕೊಂಡಿದ್ದನ್ನು ಅವಳು ಬಕೆಟ್ಟಿನ ಮೇಲೆ ಕೂತು ಕೇಳಿಬಿಟ್ಟಳು. ಗಿರೀಶ್ ಅವಳ ಎದುರು ಕುಕ್ಕರುಗಾಲಲ್ಲಿ ಕೂತರು.

“ಅಮ್ಮಾ, ಸಾರ್ ಕಾಲಿಗೆ ಎಕ್ಸ್‌ರೇ ತೆಗೆದ್ರಲ್ಲ. ಈಗ ಅವರ ಕಾಲೊಳಗೆ ಎಕ್ಸ್‌ರೇ ಇದ್ಯಾ?”

“ಕಾಲೊಳಗೆ ಯಾಕಿರತ್ತೆ, ಅದು ಆಗಲೇ ಹೋಯ್ತಲ್ಲ.”

“ಇದೂ ಹಾಗೇ. ಕಿರಣ ಬೀಜದ ಮೂಲಕ ಹಾದು ಹೋಯ್ತು. ಒಳಗೆ ಉಳಿಯಲ್ಲ. ಅದೂ ಈ ಬೀಜಕ್ಕಲ್ಲ, ಇದರ ಅಜ್ಜಿಗೆ ಹೊಡೆಸಿದ್ದು. ಇನ್ನು ಮೇಡಂ ಆ ಯಂತ್ರದ ಹತ್ರ ಹೋದವರೇ ಅಲ್ಲ. ಪೊಟ್ಟಣ ಕಟ್ಟಿ ಕಳಿಸೋರು, ಬಂದ ಪೊಟ್ಟಣ ಬಿಚ್ಚೋರು. ನಾನೇ ಎಷ್ಟೋ ಸಲ ಪಾರ್ಸಲ್ ಮಾಡಿದೀನಿ. ಅವರ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲಮ್ಮಾ.”

ಅಕ್ಕ ನನ್ನ ಕಡೆ ನೋಡಿದಳು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ಯಾರಾದ್ರೂ ಹೇಳ್ಲಿ ಅಂತ ಕಾಯ್ತಿದ್ದೆ” ಅಂದೆ. ಅದು ನಿಜ.

ಅವತ್ತಿನಿಂದ ಗಿಡದ ಒಡೆತನ ಅಕ್ಕನದಾಯಿತು. ಸಂದಿಯೊಳಗಿನ ಗೊಂಚಲನ್ನು ನೋಡಲು ಸೊಸೆಯ ಕೈಲಿ ಮಲ್ಲೇಶ್ವರದಿಂದ ಒಂದು ಕೈಗನ್ನಡಿ ತರಿಸಿಕೊಂಡಳು. ಹೊಸ ಮೊಗ್ಗು ಬಂದವು. ಬಿಸಿಲಿಗೆ ಬಹಳಷ್ಟು ಉದುರಿದವು. ಉದುರಿದ್ದನ್ನು ಮಾತ್ರ ಆರಿಸಿ ತಂದು ಫೋಟೋಗೆ ಇಡುತ್ತಿದ್ದಳು. “ಇವು ಕಿತ್ತಿದ್ದಲ್ಲ, ಬಿದ್ದಿದ್ದು” ಅಂತ ಫೋಟೋಗೇ ಸಮಜಾಯಿಷಿ ಹೇಳಿದ್ದನ್ನು ಒಂದು ದಿನ ಕೇಳಿಸಿಕೊಂಡೆ. ಬೀದಿಯ ಹೂವನ್ನು ಮಾತ್ರ ಬಿಡಲಿಲ್ಲ. ಮೇಷ್ಟರ ಮನೆಯ ದಾಸವಾಳ ಆ ಬೇಸಿಗೆಯಲ್ಲಿ ಅವರ ದೇವರಿಗೆ ಸಿಕ್ಕಿದ್ದು ಕಮ್ಮಿ.

ಮೇ ನಡುವಿನಲ್ಲಿ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ, ಒಮ್ಮೆಗೇ ಗಾಳಿ ಎದ್ದಿತು. ನೀರಿಗಾಗಿ ಊರೆಲ್ಲ ಬಾಯಿ ಬಿಟ್ಟುಕೊಂಡಿದ್ದ ದಿನಗಳು, ಮಳೆ ಬಂತು ಅಂತ ಬೀದಿಯಲ್ಲಿ ಜನ ಹೊರಗೆ ಬಂದು ನಿಂತಿದ್ದರು. ಮೊದಲ ಹನಿಯ ಹಿಂದೆಯೇ ಆಲಿಕಲ್ಲು. ಕಾರುಗಳ ಮೇಲೆ ಟಣಟಣ ಸದ್ದು. ನಾನು ಎದ್ದು ಊರುಗೋಲು ಹುಡುಕುವಷ್ಟರಲ್ಲಿ ಅಕ್ಕ ಮೆಟ್ಟಿಲ ಮೇಲಿದ್ದಳು. ತಲೆಯ ಮೇಲೆ ಹಪ್ಪಳ ಒಣಗಿಸುವ ದೊಡ್ಡ ಸ್ಟೀಲ್ ಪರಾತ. ನಾನು ಕುಂಟುತ್ತಾ ಹೋಗಿ ನೋಡಿದಾಗ ಅವಳು ಸಂದಿಯ ಬಾಯಲ್ಲಿ ನಿಂತು ಪರಾತವನ್ನು ಬಳ್ಳಿಯ ಮೇಲೆ ಚಾಚಿ ಹಿಡಿದಿದ್ದಳು. ಆಲಿಕಲ್ಲು ಪರಾತಕ್ಕೂ ಬೀಳುತ್ತಿತ್ತು, ಅವಳ ಬೆನ್ನಿಗೂ ಬೀಳುತ್ತಿತ್ತು.

“ಒಳಗೆ ಬಾ ಅಕ್ಕಾ, ತಲೆ ಒಡೆಯತ್ತೆ.”

“ಒಡೀಲಿ. ಕಿತ್ತೋಳು ನಾನು. ನೀನು ಕೆಳಗೆ ಹೋಗು, ಇನ್ನೊಂದು ಕಾಲೂ ಉಳುಕಿಸ್ಕೋಬೇಡ.”

ಮಳೆ ನಿಂತಾಗ ಟೆರೇಸಿನ ತುಂಬ ಹರಿದ ಎಲೆ, ಕರಗುತ್ತಿದ್ದ ಬಿಳಿ ಕಲ್ಲು. ಮೂರು ಗಿಡ ಮುರಿದು ಮಲಗಿದ್ದವು. ಸಂದಿಯ ಗಿಡ ನಿಂತಿತ್ತು, ಕಾಯಿಗಳೂ ಇದ್ದವು. ಅಕ್ಕ ಸೀರೆ ಹಿಂಡುತ್ತಾ, “ಕಲ್ಲು ತೂರಿ ಹುಟ್ಟಿಸಿದ ಗಿಡ ಅಂತಿದ್ಯಲ್ಲ, ಅದಕ್ಕೇ ಕಲ್ಲಿಗೆ ಹೆದರಲಿಲ್ಲ” ಅಂದಳು. ಆ ವರ್ಷ ನಾನು ನಕ್ಕದ್ದು ಅದೇ ಮೊದಲು.

ಬೀಜದ ಮುಂದಿನ ಕಥೆ ಚಿಕ್ಕದು. ಮಳೆಯ ತಂಪಿಗೆ ಆ ಗಿಡ ಇನ್ನೂ ಕೆಲವು ಕಾಯಿ ಕಟ್ಟಿತು. ಜೂನ್ ಮೋಡಗಳ ನಡುವೆ ಅವು ಗಿಡದಲ್ಲೇ ಒಣಗಿದವು. ಗಿರೀಶ್ ಬಂದು ತೆಗೆದುಕೊಂಡು ಹೋದರು. ಈಗ ಅಲ್ಲಿ ಪ್ರತಿ ಬೇಸಿಗೆಯಲ್ಲೂ ಒಂದು ಸಣ್ಣ ಪಾತಿ ಹೂ ಬಿಡುತ್ತದೆ. ಅದು ರೈತರ ಹೊಲಕ್ಕೆ ಬರಬೇಕಾದರೆ ಇನ್ನೂ ಎಷ್ಟೋ ಊರಿನ ಮಣ್ಣಿನಲ್ಲಿ, ಎಷ್ಟೋ ವರ್ಷ ಪರೀಕ್ಷೆಯಾಗಬೇಕಂತೆ. ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ವತ್ಸಲ ನನ್ನನ್ನು ಕೇಳಿದ್ದು ಅದಲ್ಲ.

ನನ್ನನ್ನು ಕೇಳಿದ್ದಕ್ಕೆ ಉತ್ತರ ಸಿಕ್ಕಿದ್ದು ಮೇ ಕೊನೆಯ ಒಂದು ಬೆಳಗ್ಗೆ. ಕಾಯಿ ಹಸಿರಾಗಿಯೇ ಇದ್ದವು, ಒಳಗೆ ಕಾಳು ತುಂಬಿ ಉಬ್ಬಿದ್ದವು. ಬ್ಯಾಂಡೇಜು ಬಿಚ್ಚಿಯಾಗಿತ್ತು. ಅಕ್ಕನೂ ನಾನೂ ಮೇಲೆ ಹೋದೆವು. ಕಾಯಿ ಕೀಳುವ ಹಾಗಿರಲಿಲ್ಲ, ಒಂದೊಂದು ಕಾಳೂ ಬೀಜಕ್ಕೆ ಬೇಕು. ಸಂದಿಗೆ ತೂರಿ, ಬಳ್ಳಿಯಲ್ಲಿದ್ದ ಹಾಗೇ ಒಂದು ಕಾಯಿಯನ್ನು ಬೆರಳಲ್ಲಿ ಸವರಿದೆ. ಜಿಡ್ಡು ಅಂಟಿತು. ಮೂಗಿಗೆ ಹಿಡಿಯಲು ಧೈರ್ಯ ಸಾಲದೆ ಕೈಯನ್ನು ಹಾಗೇ ಅಕ್ಕನ ಕಡೆ ಚಾಚಿದೆ.

ಅವಳು ಮೂಸಿದಳು. ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದಳು.

“ಮಾಗಡಿ” ಅಂದಳು.

ಆಮೇಲೆ ನಾನೂ ಮೂಸಿದೆ. ಅದೇ. ನಡುಮನೆಯಲ್ಲಿ ಪೇಪರ್ ಹಾಸಿ ಕೂತ ಅಷ್ಟೂ ಚಳಿಗಾಲಗಳು, ಮೇ ಬಿಸಿಲಿನಲ್ಲಿ.

ಅಕ್ಕ ನನ್ನನ್ನು ಸರಿಸಿ, ಸಂದಿಯೊಳಗೆ ಆದಷ್ಟು ಕೈ ಚಾಚಿ, ಕುಂಕುಮ ಇಡುವ ಉಂಗುರದ ಬೆರಳಿನಿಂದಲೇ ಆ ಕಾಯಿಯನ್ನು ಸವರಿದಳು. ಬೆರಳು ಎಲ್ಲಿಗೂ ತಾಗದ ಹಾಗೆ ಎತ್ತಿ ಹಿಡಿದುಕೊಂಡೇ ಮೆಟ್ಟಿಲು ಇಳಿದಳು. ನಾನು ಹಿಂದೆ ಹೋದೆ. ನಡುಮನೆಯಲ್ಲಿ ಫೋಟೋ ಮುಂದೆ ನಿಂತು, ಕುಂಕುಮದ ಕೆಳಗೆ, ಮೂಗಿನ ಜಾಗದಲ್ಲಿ, ಗಾಜಿನ ಮೇಲೆ ಬೆರಳನ್ನು ಮೆಲ್ಲಗೆ ಒರೆಸಿದಳು.

“ಸೊಗಡು ಇದೆ ಕಣಮ್ಮಾ. ನೋಡ್ಕೋ” ಅಂದಳು. ಹಾಗೇ ಅಡುಗೆಮನೆಗೆ ಹೋದಳು. ಹಾಲು ಉಕ್ಕುತ್ತಿತ್ತು.

ಗಾಜಿನ ಮೇಲೆ ಬೆರಳಗಲದ ಜಿಡ್ಡಿನ ಗುರುತು ಉಳಿದಿತ್ತು. ಮಾರನೆಯ ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು ಹೋದವನು ಸುತ್ತಲೂ ಒರೆಸಿದೆ. ಅಷ್ಟು ಜಾಗ ಬಿಟ್ಟೆ.